‘ಸ್ಪಾಯ್ಲರ್ ಇದೆ’ ಅಂತ ಬರೆದರೆ ಸಾಲದು

ನಿನ್ನೆ ರಾತ್ರಿ ಹೊಸ ಚಿತ್ರದ ಮೊದಲ ಶೋ ನೋಡಿ ಬಂದು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಪೋಸ್ಟ್ ಹಾಕಿದವರಿಗೆ ಈ ಉತ್ತರ. ‘ಸ್ಪಾಯ್ಲರ್ ಇದೆ’, ಅಂದರೆ ಕಥೆಯ ಗುಟ್ಟು ಬಯಲಾಗುತ್ತೆ, ಅಂತ ಬರೆದಿರಿ, ಸರಿ. ಅದೇ ಸಾಲಿನಲ್ಲಿ ಕೊಲೆಗಾರ ಯಾರು ಅಂತಲೂ ಬರೆದಿರಿ. ಎರಡೂ ನೋಟಿಫಿಕೇಶನ್‌ನಲ್ಲಿ ಒಟ್ಟಿಗೇ ಬಂದವು. ಗುಂಪು ತೆರೆಯದವರೂ ಓದಿಯಾಯ್ತು.

ನಾನೂ ಇದನ್ನೇ ಮಾಡಿದ್ದೆ. 2013ರ ಮಲಯಾಳಂ ‘ದೃಶ್ಯಂ’ ಮೊದಲೇ ನೋಡಿದ್ದೆ. ಮರುವರ್ಷ ಅದರ ಕನ್ನಡ ರೀಮೇಕ್, ರವಿಚಂದ್ರನ್ ಅವರ ‘ದೃಶ್ಯ’ ಬಂದಾಗ, ಮನೆಯವರ ಗುಂಪಿನಲ್ಲಿ ಕೊನೆಯ ಗುಟ್ಟನ್ನು ಒಂದೇ ಸಾಲಿನಲ್ಲಿ ಹಾಕಿಬಿಟ್ಟೆ. ಇಲ್ಲಿ ಮತ್ತೆ ಬರೆಯಲ್ಲ. ನಮ್ಮ ಭಾವ ಆಗ ಟಿಕೆಟ್ ಕ್ಯೂನಲ್ಲಿ ನಿಂತಿದ್ದರು. ಕೈಯಲ್ಲಿದ್ದ ಫೋನಿನಲ್ಲಿ ಆ ಸಾಲು ಬಂತು. ಕ್ಲೈಮ್ಯಾಕ್ಸ್‌ನಲ್ಲಿ ಇಡೀ ಥಿಯೇಟರ್ ಉಸಿರು ಬಿಗಿಹಿಡಿದಿದ್ದರೆ, ಇವರು ಜೇಬಿನಲ್ಲಿ ಪಾರ್ಕಿಂಗ್ ಚೀಟಿ ಹುಡುಕುತ್ತಿದ್ದರಂತೆ. ಅಕ್ಕ ಹೇಳಿದಾಗ ನನಗೆ ಊಟ ಸೇರಲಿಲ್ಲ.

ಆಮೇಲೆ ನಾನು ಹಿಡಿದ ದಾರಿ ಇದು. ಮೊದಲ ಸಾಲಿನಲ್ಲಿ ಚಿತ್ರದ ಹೆಸರು, ಎಲ್ಲಿವರೆಗಿನ ಮಾತು ಅನ್ನೋದು ಮಾತ್ರ: ‘ಇಂಟರ್ವಲ್‌ವರೆಗೆ’, ಸೀರೀಸ್ ಆದರೆ ‘4ನೇ ಎಪಿಸೋಡ್‌ವರೆಗೆ’. ಆಮೇಲೆ ಸಾಲಿಗೊಂದು ಚುಕ್ಕಿಯಂತೆ ಹದಿನೈದು ಇಪ್ಪತ್ತು ಸಾಲು. ಅದರ ಕೆಳಗೆ ವಿಷಯ. ಮೂರು ನಾಲ್ಕು ಚುಕ್ಕಿ ಸಾಕಾಗಲ್ಲ, ನೋಟಿಫಿಕೇಶನ್ ಎಳೆದು ದೊಡ್ಡದು ಮಾಡಿದರೆ ಕಾಣುತ್ತೆ. ಈ ವಿಷಯದಲ್ಲಿ ನನಗೆ ವಾಟ್ಸಾಪ್‌ಗಿಂತ ಟೆಲಿಗ್ರಾಮ್ ಇಷ್ಟ. ಅಕ್ಷರ ಸೆಲೆಕ್ಟ್ ಮಾಡಿ ಸ್ಪಾಯ್ಲರ್ ಅಂತ ಕೊಟ್ಟರೆ ಮುಚ್ಚಿಹೋಗುತ್ತೆ, ಬೇಕಾದವರು ಒತ್ತಿ ಓದುತ್ತಾರೆ.

ಆದರೆ ಫೋಟೋ ಹಾಕಿದರೆ ಚುಕ್ಕಿ ಕೆಲಸಕ್ಕೆ ಬರಲ್ಲ. ಯೂಟ್ಯೂಬ್ ಲಿಂಕ್ ಹಾಕಿದರೆ ಅದರ ತಂಬ್‌ನೇಲ್ ಎಲ್ಲ ಹೇಳಿಬಿಡುತ್ತೆ. ‘ಕಥೆ ಹೇಳಲ್ಲ, ಕೊನೆಯಲ್ಲಿ ದೊಡ್ಡ ಟ್ವಿಸ್ಟ್ ಇದೆ’ ಅನ್ನೋದೂ ಸ್ಪಾಯ್ಲರೇ. ಅದನ್ನು ಕೇಳಿದವರು ಪ್ರತಿ ಸೀನ್‌ನಲ್ಲೂ ಟ್ವಿಸ್ಟ್ ಹುಡುಕುತ್ತಾ ಕೂರುತ್ತಾರೆ.

‘ಎರಡು ದಿನ ಕಾದರೆ ಸಾಕು, ಆಮೇಲೂ ನೋಡದಿದ್ದರೆ ಅವರ ತಪ್ಪು’ ಅಂದವರಿಗೂ ಒಂದು ಮಾತು. ಇದು ಸರಿಯಲ್ಲ. 2019ರಲ್ಲಿ ‘ಅವೆಂಜರ್ಸ್: ಎಂಡ್‌ಗೇಮ್’ ಬಂದಾಗ ಗುಟ್ಟು ಬಿಟ್ಟುಕೊಡಬೇಡಿ ಅಂತ ನಿರ್ದೇಶಕರೇ ಪತ್ರ ಬರೆದು ಕೇಳಿದ್ದರು. ಇಲ್ಲಿ ಏಪ್ರಿಲ್ 26ಕ್ಕೆ ಬಿಡುಗಡೆ, ಮೇ 6ರಿಂದ ಮಾತಾಡಬಹುದು ಅಂದರು. ಊರೂರಲ್ಲಿ ಬಿಡುಗಡೆಯಾದ ಚಿತ್ರಕ್ಕೇ ಹತ್ತು ದಿನ! ನಮ್ಮ ಗುಂಪಿನಲ್ಲಿ ಹೊರದೇಶದವರು ಇದ್ದಾರೆ, ವಾರದ ರಜೆಗೆ ಕಾಯುವವರು ಇದ್ದಾರೆ, ಚಿಕ್ಕ ಮಕ್ಕಳಿರೋದರಿಂದ ಓಟಿಟಿಯಲ್ಲೇ ನೋಡುವವರೂ ಇದ್ದಾರೆ. ನಾನಂತೂ ಎರಡು ಭಾನುವಾರ ಕಳೆಯುವವರೆಗೆ ಬಾಯಿ ಬಿಡಲ್ಲ. ಓಟಿಟಿಗೆ ಬಂದ ಮೇಲೆ ಇನ್ನೊಂದು ವಾರ. ರೀಮೇಕ್ ಆದರೆ ಮೂಲ ಎಷ್ಟೇ ಹಳೆಯದಿರಲಿ, ಹೊಸ ಚಿತ್ರದ ಲೆಕ್ಕವೇ ಲೆಕ್ಕ.

ಈಗ ನಿಮ್ಮ ಪೋಸ್ಟ್ ವಿಷಯ. ವಾಟ್ಸಾಪ್‌ನಲ್ಲಿ ಹದಿನೈದು ನಿಮಿಷ ಆದ ಮೇಲೆ ಎಡಿಟ್ ಆಗಲ್ಲ, ಹಾಗಾಗಿ ಎಲ್ಲರಿಗೂ ಡಿಲೀಟ್ ಕೊಡಿ. ಅದಕ್ಕೆ ರಿಪ್ಲೈ ಮಾಡಿದವರೂ ತಮ್ಮದನ್ನು ಅಳಿಸಿ, ಇಲ್ಲದಿದ್ದರೆ ಅದರ ಮೇಲೆ ಆ ಸಾಲು ಹಾಗೇ ಉಳಿದಿರುತ್ತೆ. ಆಮೇಲೆ ಚುಕ್ಕಿ ಇಟ್ಟು ಪೂರ್ತಿ ಬರೆಯಿರಿ, ಕ್ಯಾಮೆರಾ ಬಗ್ಗೆ ನೀವು ಬರೆದದ್ದು ಚೆನ್ನಾಗಿತ್ತು.