ಅರಾಜಕತಾವಾದಿಗಳು ಹೇಳುವ ಕ್ರಾಂತಿ ಎಲ್ಲಾದರೂ ನಿಜವಾಗಿ ನಡೆದಿದೆಯಾ?

ನಡೆದಿದೆ, ಜಾಸ್ತಿ ದಿನ ಉಳಿಯಲಿಲ್ಲ ಅಷ್ಟೇ. ಸರ್ಕಾರವೇ ಬೇಡವಾಗುವ ಹಾಗೆ ಜನರೇ ಕೆಲಸ ಕೈಗೆತ್ತಿಕೊಳ್ಳಬೇಕು ಅಂತ ಇವರ ವಾದ. 1936ರ ಜುಲೈನಲ್ಲಿ ಸ್ಪೇನಿನ ಸೇನಾಧಿಕಾರಿಗಳು ದಂಗೆ ಎದ್ದಾಗ, ಬಾರ್ಸಿಲೋನಾದಲ್ಲಿ ಅವರನ್ನು ಬಗ್ಗುಬಡಿಯಲು ಮುಂದೆ ನಿಂತವರು ಅರಾಜಕತಾವಾದಿಗಳ ಸಿಎನ್‌ಟಿ ಕಾರ್ಮಿಕ ಸಂಘದವರು (ಸರ್ಕಾರದ ಪರ ಉಳಿದ ಪೊಲೀಸರೂ ಜೊತೆಗಿದ್ದರು, ಅದನ್ನು ಇವರ ಅಭಿಮಾನಿಗಳು ಹೇಳೋದು ಕಡಿಮೆ). ಕೆಲವೇ ದಿನಗಳಲ್ಲಿ ಕೆಲಸಗಾರರೇ ಟ್ರಾಮ್‌ಗಳನ್ನು ಓಡಿಸತೊಡಗಿದರು, ಅದೂ ತಮ್ಮ ಸಂಘದ ಕೆಂಪು-ಕಪ್ಪು ಬಣ್ಣ ಬಳಿದು. ಕಾರ್ಖಾನೆಗಳೂ ಕಾರ್ಮಿಕರ ಸಮಿತಿಗಳ ಕೈಗೆ ಬಂದವು.

ಆದರೆ ಸರ್ಕಾರ ಬೇಡ ಅಂದವರಲ್ಲೇ ನಾಲ್ವರು ಅದೇ ನವೆಂಬರ್‌ನಲ್ಲಿ ಮಂತ್ರಿಗಳಾದರು! ಯುದ್ಧ ಗೆಲ್ಲಬೇಕಲ್ವಾ ಅನ್ನೋದು ಅವರ ಸಮಜಾಯಿಷಿ. ನನಗದು ಪೂರ್ತಿ ಒಪ್ಪಿಗೆಯಿಲ್ಲ. 1937ರ ಮೇ ತಿಂಗಳಲ್ಲಿ ಅವರ ಕೈಯಲ್ಲಿದ್ದ ಟೆಲಿಫೋನ್ ಎಕ್ಸ್‌ಚೇಂಜ್‌ಗೆ ಪೊಲೀಸರು ನುಗ್ಗಿದರು, ಬೀದಿ ಕಾಳಗವಾಯಿತು, ಆಮೇಲೆ ಅರಾಜಕತಾವಾದಿಗಳ ಹಿಡಿತ ಸಡಿಲವಾಯಿತು. 1939ರಲ್ಲಿ ದಂಗೆ ಎದ್ದ ಸೇನೆಯ ನಾಯಕ ಫ್ರಾಂಕೋ ಗೆದ್ದ ಮೇಲೆ ಉಳಿದದ್ದೂ ಹೋಯಿತು.