ಗುಡ್ಡ ಒಡೆಯುವ ಮೊದಲು ಬಾವಿ ಅಳೆಯಿರಿ

ಡೊಂಬಿವಲಿಯ ಓದುಗರೊಬ್ಬರ ಪತ್ರ: ‘ಕಾರ್ಕಳ ತಾಲ್ಲೂಕಿನ ನಮ್ಮ ಮನೆಯ ಕುಮ್ಕಿ ಜಾಗದಾಚೆಯ (ನಮ್ಮ ಜಮೀನಿಗೆ ತಾಗಿದ, ನಾವು ಬಳಸುವ ಸರಕಾರಿ ಜಾಗ) ಗುಡ್ಡದಲ್ಲಿ ಕಪ್ಪು ಕಲ್ಲಿನ ಕೋರೆ (ಕಲ್ಲು ಗಣಿ) ಬರಲಿದೆಯಂತೆ. ಊರಲ್ಲಿರುವ ತಮ್ಮ, ರಸ್ತೆಯಾಗುತ್ತದೆ, ಕೆಲಸ ಸಿಗುತ್ತದೆ, ಮುಂಬೈಯಲ್ಲಿ ಕೂತ ನಿನಗೇನು ಎನ್ನುತ್ತಾನೆ. ವರ್ಷಕ್ಕೆರಡು ಸಲ ಊರಿಗೆ ಹೋಗುವ ನಾನು ಬೇಡವೆನ್ನಬಹುದೇ?’

ಸಂಪಾದಕರ ಉತ್ತರ:

ಖಂಡಿತ ಎನ್ನಬಹುದು. ಆದರೆ ತಮ್ಮನ ಮಾತನ್ನು ತಳ್ಳಿಹಾಕಬೇಡಿ. ಊರಲ್ಲಿ ದುಡಿಮೆ ಸಾಲದೆಯೇ ತಾನೇ ನಾವೆಲ್ಲ ಮುಂಬೈ ಸೇರಿದ್ದು? ಸಿಗುವ ಕೆಲಸ ಎಂಥದ್ದೆಂದು ಮಾತ್ರ ಅವರನ್ನು ಕೇಳಿ. ಕಲ್ಲು ಪುಡಿ ಮಾಡುವ ಕ್ರಷರಿನ ಧೂಳಿನಲ್ಲಿರುವ ಸಿಲಿಕಾ ವರ್ಷಗಟ್ಟಲೆ ಎದೆಗೆ ಇಳಿದರೆ ಬರುವ ಸಿಲಿಕೋಸಿಸ್ ವಾಸಿಯಾಗುವ ಕಾಯಿಲೆಯಲ್ಲ; ಅದರ ಬೆನ್ನಿಗೆ ಕ್ಷಯವೂ ಸುಲಭವಾಗಿ ಹಿಡಿಯುತ್ತದೆ.

ನನ್ನ ದೊಡ್ಡಮ್ಮನ ಮನೆಯಿಂದ ಅರ್ಧ ಮೈಲಿ ದೂರದಲ್ಲಿ ಒಂದು ಕೋರೆಯಿತ್ತು. ಮಧ್ಯಾಹ್ನ ಮೂರಕ್ಕೆ ಸ್ಫೋಟದ ಸೈರನ್. ಅದಕ್ಕೂ ಮೊದಲೇ ಅವರು ಹಲಗೆಯ ಮೇಲಿನ ಮಿಡಿ ಉಪ್ಪಿನಕಾಯಿಯ ಭರಣಿಗಳನ್ನು ಒಂದೊಂದಾಗಿ ಇಳಿಸಿ, ನೆಲಕ್ಕೆ ಹಾಸಿದ ಗೋಣಿಯ ಮೇಲೆ ಇಡುತ್ತಿದ್ದರು. ಸದ್ದು ಮುಗಿದ ಮೇಲೆ ಮತ್ತೆ ಹಲಗೆಗೆ. ಬಚ್ಚಲಿನ ಗೋಡೆ ಬಿರುಕು ಬಿಟ್ಟಾಗ ಪರಿಹಾರ ಕೇಳಿದರೆ, ‘ಇದು ಹಳೇ ಬಿರುಕು’ ಎಂಬ ಉತ್ತರ ಬಂತು. ಅಲ್ಲವೆಂದು ತೋರಿಸಲು ದೊಡ್ಡಮ್ಮನ ಕೈಯಲ್ಲಿ ಒಂದು ಫೋಟೋ ಕೂಡ ಇರಲಿಲ್ಲ. ಅದು ಇಂದಿಗೂ ನನ್ನನ್ನು ಕೊರೆಯುತ್ತದೆ. ಸ್ಫೋಟ ನಡೆಸುವ ಕೋರೆ ಮನೆಗಳಿಂದ ಕನಿಷ್ಠ 200 ಮೀಟರ್ ದೂರವಿರಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಹೇಳಿತು. ಅರ್ಧ ಮೈಲಿಯಾಚೆಯೇ ಭರಣಿ ಇಳಿಸಬೇಕಾದದ್ದನ್ನು ಕಂಡ ನನಗೆ ಆ ಅಂತರ ಏನೇನೂ ಸಾಲದು.

ನೀರಿನದು ಇನ್ನೂ ದೊಡ್ಡ ಚಿಂತೆ. ನಮ್ಮ ಕಡೆಯ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗುಡ್ಡ ಮಳೆಗಾಲದಲ್ಲಿ ಕುಡಿದ ನೀರನ್ನು ನಿಧಾನವಾಗಿ ಕೆಳಗಿನ ಬಾವಿಗೂ ತೋಟಕ್ಕೂ ಬಿಡುತ್ತದೆ. ಕಪ್ಪು ಕಲ್ಲಿಗಾಗಿ ಮೇಲಿನ ಮುರಕಲ್ಲನ್ನು ಕೆರೆದು ತೆಗೆದರೆ ಆ ಒರತೆಯ ಮೂಲವೇ ಹೋಯಿತು. ಗುಂಡಿ ಅಂತರ್ಜಲದ ಮಟ್ಟಕ್ಕಿಂತ ಕೆಳಗಿಳಿದರೆ ಸುತ್ತಲಿನ ಬಿರುಕುಗಳ ನೀರು ಅಲ್ಲಿಗೇ ಹರಿಯುತ್ತದೆ, ಪಂಪು ಅದನ್ನು ಹೊರಚೆಲ್ಲುತ್ತದೆ. ನಿಮ್ಮ ತಮ್ಮನ ಹೆಂಡತಿ ಮಲ್ಲಿಗೆ ಬೆಳೆಯುತ್ತಾರೆಂದೂ ಬರೆದಿದ್ದೀರಿ. ಧೂಳು ಕೂತ ಮೊಗ್ಗಿಗೆ ಹೂ ಕೊಳ್ಳುವ ಕಟ್ಟೆಯಲ್ಲಿ ಯಾರು ಬೆಲೆ ಕಟ್ಟುತ್ತಾರೆ?

ಇನ್ನು ಕಾನೂನು. ಕೋರೆಯವರ ಅರ್ಜಿಯಲ್ಲಿ ಎಷ್ಟು ಎಕರೆ ಎಂದಿದೆ, ಮೊದಲು ನೋಡಿ. 2006ರ ಪರಿಸರ ಅಧಿಸೂಚನೆ ಮತ್ತು ಅದರ ತಿದ್ದುಪಡಿಗಳ ಪ್ರಕಾರ ಐದು ಹೆಕ್ಟೇರಿಗಿಂತ, ಅಂದರೆ ಹನ್ನೆರಡೂವರೆ ಎಕರೆಯಷ್ಟಕ್ಕಿಂತ, ಚಿಕ್ಕದಾದ ಒಂಟಿ ಕೋರೆಗೆ ಸಾರ್ವಜನಿಕರ ಅಹವಾಲು ಸಭೆಯೇ ಬೇಕಿಲ್ಲ. ಆದರೆ 500 ಮೀಟರಿನೊಳಗೆ ಇನ್ನೊಂದು ಕೋರೆಯಿದ್ದರೆ ಎರಡನ್ನೂ ಕೂಡಿಸಿ ಲೆಕ್ಕ ಹಾಕಬೇಕು. ಆದ್ದರಿಂದ ಅಕ್ಕಪಕ್ಕದ ಸರ್ವೆ ನಂಬರುಗಳನ್ನೂ ವಿಚಾರಿಸಿ. ಸಭೆ ನಡೆಯುವುದಾದರೆ 30 ದಿನ ಮೊದಲೇ ಪ್ರಕಟಣೆ ಬರಬೇಕು. ಸಭೆಯ ವಿಡಿಯೋ ಆಗಬೇಕು. ಬಾಯಲ್ಲಿ ಹೇಳಿದ್ದನ್ನೇ ಬರೆದೂ ಕೊಡಿ. ಊರಲ್ಲಿ ಮನೆ, ಜಮೀನು ಇರುವ ನೀವು ಮುಂಬೈಯಿಂದಲೇ ಲಿಖಿತ ಆಕ್ಷೇಪಣೆ ಕಳಿಸಬಹುದು.

ಮುಂಬೈಗೆ ಜಲ್ಲಿ ಬೇಡವೇ ಎಂದು ತಮ್ಮ ಕೇಳಿದರೆ, ಬೇಕು ಎಂದೇ ಹೇಳಿ. ಅಂಧೇರಿಯ ಗಿಲ್ಬರ್ಟ್ ಹಿಲ್ ನೋಡಿದ್ದೀರಲ್ಲ? ಸುಮಾರು 6.6 ಕೋಟಿ ವರ್ಷ ಹಳೆಯ ಬಸಾಲ್ಟ್ ಬಂಡೆ. ಸುತ್ತಲಿನ ಕಲ್ಲನ್ನೆಲ್ಲ ಒಡೆದು ಸಾಗಿಸಿದ ಮೇಲೆ ಉಳಿದ ಒಂಟಿ ಕಂಬ ಅದು. ಎಲ್ಲಿಯೂ ಕಲ್ಲು ತೆಗೆಯಬಾರದೆಂದು ನಾನು ಹೇಳುವುದಿಲ್ಲ. ಬಾವಿಯ ನೆತ್ತಿಯ ಮೇಲೆ ಬೇಡ ಎನ್ನುತ್ತೇನೆ.

ಮೇ ತಿಂಗಳಲ್ಲಿ ಮತ್ಸ್ಯಗಂಧ ರೈಲು ಹಿಡಿದು ಹೋಗಿ. ಆಗಲೇ ಬಾವಿಯ ತಳ ಕಾಣುವುದು. ಹಗ್ಗಕ್ಕೆ ಮೊಳಕ್ಕೊಂದರಂತೆ ಗಂಟು ಹಾಕಿ, ಕಲ್ಲು ಕಟ್ಟಿ ಇಳಿಬಿಟ್ಟು ನೀರು ಅಳೆಯಿರಿ. ಆ ದಿನದ ಪತ್ರಿಕೆ ಕಾಣುವಂತೆ ಹಿಡಿದು ಪ್ರತಿ ಗೋಡೆಯ ಫೋಟೋ ತೆಗೆಯಿರಿ. ಅಕ್ಕಪಕ್ಕದ ಮನೆಗಳಲ್ಲೂ ಮಾಡಿಸಿ. ಹೊರಡುವಾಗ ಹಗ್ಗವನ್ನೂ ಒಂದು ನೋಟ್‌ಬುಕ್ಕನ್ನೂ ತಮ್ಮನ ಹೆಂಡತಿಯ ಕೈಗೆ ಕೊಟ್ಟು ಬನ್ನಿ. ದಿನಾ ನೀರು ಸೇದುವವರು ಅವರೇ.