ಮನೆ ಹಿಂದಿನ ತೋಡಿನಿಂದ ಶಕ್ತಿ ವ್ಯವಸ್ಥೆಯ ಪಾಠ

ಓದುಗರ ಪತ್ರ (ಸಂಕ್ಷಿಪ್ತ): ಕೊಡಗಿನ ವಿರಾಜಪೇಟೆ ಕಡೆಯ ಉಪನ್ಯಾಸಕಿಯೊಬ್ಬರು ಬರೆದಿದ್ದಾರೆ: "ಎಂಜಿನಿಯರಿಂಗ್ ಎರಡನೇ ವರ್ಷದ ಮಕ್ಕಳಿಗೆ ಶಕ್ತಿ ವ್ಯವಸ್ಥೆಗಳ ಪರಿಚಯ ಮಾಡಿಸಬೇಕು. ಟರ್ಬೈನ್, ಸೋಲಾರ್, ಬ್ಯಾಟರಿ ಎಲ್ಲವೂ ಬೇರೆ ಬೇರೆ ಪಾಠವಾಗಿ ಅವರಿಗೆ ಗೊತ್ತು. ಒಂದು ಮನೆಗೆ ಇವನ್ನೆಲ್ಲ ಜೋಡಿಸಿ ಕೊಡಿ ಎಂದರೆ ಪೆನ್ನು ಓಡುವುದಿಲ್ಲ. ನಮ್ಮೂರಿನದೇ ಒಂದು ಉದಾಹರಣೆ ಹಿಡಿದು ಎಲ್ಲಿಂದ ಶುರು ಮಾಡಲಿ? ಪರೀಕ್ಷೆಗೂ ಒಂದು ಪ್ರಶ್ನೆ ಹೇಳಿ."

ಸಂಪಾದಕರ ಉತ್ತರ:

ಮೇಡಂ, ಯಂತ್ರದಿಂದ ಶುರು ಮಾಡಬೇಡಿ. ಮೊದಲ ತರಗತಿಯಲ್ಲಿ ಟರ್ಬೈನಿನ ಚಿತ್ರವನ್ನೇ ತೋರಿಸದಿದ್ದರೆ ಇನ್ನೂ ಒಳ್ಳೆಯದು. ಪ್ರತಿಯೊಬ್ಬರೂ ತಮ್ಮ ಮನೆಯ ಒಂದು ದಿನದ ಬಳಕೆಯನ್ನು ಗಂಟೆವಾರು ಬರೆದು ತರಲಿ. ತೋಟದ ನಡುವಿನ ಸಾಧಾರಣ ಮನೆ ಎಂದಿಟ್ಟುಕೊಳ್ಳಿ. 9 ವ್ಯಾಟಿನ ಎಂಟು ಎಲ್‌ಇಡಿ ಬಲ್ಬು ಐದು ಗಂಟೆ ಉರಿದರೆ 0.36 ಯೂನಿಟ್. 80 ವ್ಯಾಟಿನ ಟಿವಿ ನಾಲ್ಕು ಗಂಟೆಗೆ 0.32. ಫ್ರಿಜ್ಜಿಗೆ ದಿನಕ್ಕೆ ಸುಮಾರು 1. ಹಗಲು ರಾತ್ರಿ ಉರಿಯುವ 10 ವ್ಯಾಟಿನ ವೈಫೈಗೆ 0.24. 750 ವ್ಯಾಟಿನ ಮಿಕ್ಸಿ ಹತ್ತು ನಿಮಿಷಕ್ಕೆ 0.125. ಒಂದು ಎಚ್‌ಪಿ ಪಂಪು ಸುಮಾರು 1 ಕಿಲೋವ್ಯಾಟ್ ಎಳೆಯುತ್ತದೆ, ಒಂದು ಗಂಟೆಗೆ 1 ಯೂನಿಟ್. ಎಲ್ಲ ಸೇರಿ ಸುಮಾರು 3 ಯೂನಿಟ್. ಆದರೆ ಬೆಳಿಗ್ಗೆ ಏಳಕ್ಕೆ ಮಿಕ್ಸಿ, ಪಂಪು, ಫ್ರಿಜ್ಜು ಒಟ್ಟಿಗೆ ಓಡಿದರೆ ಆ ಹತ್ತು ನಿಮಿಷ 1900 ವ್ಯಾಟ್ ಬೇಕು. ಪಂಪಿನ ಮೋಟಾರು ಶುರುವಾಗುವ ಕ್ಷಣದಲ್ಲಿ ಮಾಮೂಲಿನ ಐದಾರು ಪಟ್ಟು ಕರೆಂಟು ಎಳೆಯುವುದು ಬೇರೆ. ದಿನಕ್ಕೆ ಎಷ್ಟು ಯೂನಿಟ್ ಎಂಬುದೂ, ಒಂದು ಗಳಿಗೆಯಲ್ಲಿ ಎಷ್ಟು ವ್ಯಾಟ್ ಎಂಬುದೂ ಬೇರೆ ಬೇರೆ ಪ್ರಶ್ನೆಗಳು. ಮಕ್ಕಳು ಎಡವುವುದೇ ಇಲ್ಲಿ.

ಇನ್ನು ಟರ್ಬೈನು ತಿರುಗಿಸಬೇಕಾದ ತೋಡಿಗೆ, ಅಂದರೆ ಮನೆ ಹಿಂದಿನ ಹಳ್ಳಕ್ಕೆ ಬನ್ನಿ. ನೀರಿನ ಪ್ರಮಾಣ ಅಳೆಯಲು ಬಕೆಟ್ ಸಾಲದು, ಮೂರು ಸೆಕೆಂಡಿನಲ್ಲೇ ತುಂಬಿ ಲೆಕ್ಕ ತಪ್ಪುತ್ತದೆ. 200 ಲೀಟರಿನ ಡ್ರಮ್ಮು ಇಡಿ. 33 ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ 6 ಲೀಟರ್. ಎತ್ತರವನ್ನು ಮೊಬೈಲಿನ ಜಿಪಿಎಸ್‌ನಲ್ಲಿ ನೋಡಬೇಡಿ, ಹತ್ತು ಮೀಟರ್ ಹೆಚ್ಚುಕಡಿಮೆ ತೋರಿಸುವುದು ಅದಕ್ಕೆ ಮಾಮೂಲು. ಮೇಸ್ತ್ರಿಗಳು ಬಳಸುವ ಪಾರದರ್ಶಕ ಲೆವೆಲ್ ಪೈಪಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಾ ಕೂಡಿಸಿ. 18 ಮೀಟರ್ ಸಿಕ್ಕಿತು ಎನ್ನೋಣ. ಗುರುತ್ವ, ನೀರಿನ ಪ್ರಮಾಣ, ಎತ್ತರ ಮೂರನ್ನೂ ಗುಣಿಸಿ: 9.81 × 6 × 18, ಅಂದರೆ ಸುಮಾರು 1060 ವ್ಯಾಟ್ ನೀರಿನಲ್ಲಿದೆ.

ಅದು ಮನೆಗೆ ಬರುವಷ್ಟರಲ್ಲಿ ಎಷ್ಟಾಗುತ್ತದೆ ಎಂಬುದು ಪೈಪಿನ ಮೇಲೆ ನಿಂತಿದೆ, ಇದಕ್ಕೆ ಒಂದು ಪೂರ್ತಿ ತರಗತಿ ಕೊಡಿ. 120 ಮೀಟರ್ ಉದ್ದದ ಪಿವಿಸಿ ಪೈಪು, ಅದೇ 6 ಲೀಟರ್. 63 ಮಿ.ಮೀ. ಪೈಪಾದರೆ ಒಳಗಿನ ಘರ್ಷಣೆಗೇ ಸುಮಾರು 10 ಮೀಟರ್ ಎತ್ತರ ಹೋಗುತ್ತದೆ. 75ಕ್ಕೆ ಏರಿದರೆ ನಷ್ಟ 4 ಮೀಟರ್. 90ಕ್ಕೆ ಒಂದೂವರೆ. ವ್ಯಾಸ ಸ್ವಲ್ಪ ಹೆಚ್ಚಿದರೆ ನಷ್ಟ ಇಷ್ಟು ಕುಸಿಯುವುದೇಕೆಂದರೆ, ಅದು ಹೆಚ್ಚುಕಡಿಮೆ ವ್ಯಾಸದ ಐದನೇ ಘಾತಕ್ಕೆ ವಿಲೋಮ. ಟರ್ಬೈನಿಗೆ ದುಡ್ಡು ಸುರಿದು ಪೈಪಿನಲ್ಲಿ ಉಳಿಸಲು ಹೋಗುವವರೇ ಹೆಚ್ಚು. 90ರ ಪೈಪು ಹಾಕಿ, ಟರ್ಬೈನು ಮತ್ತು ಜನರೇಟರು ಸೇರಿ ಅರ್ಧದಷ್ಟು ದಕ್ಷತೆ ಹಿಡಿದರೆ 485 ವ್ಯಾಟ್ ಕೈಗೆ ಬರುತ್ತದೆ. ಚಿಕ್ಕ ಯಂತ್ರಗಳಲ್ಲಿ ಇದಕ್ಕಿಂತ ಹೆಚ್ಚು ನಂಬಬಾರದು.

24 ಗಂಟೆ ತಿರುಗಿದರೆ ದಿನಕ್ಕೆ ಹನ್ನೊಂದೂವರೆ ಯೂನಿಟ್. ಬೇಕಿರುವುದು 3. ಆದರೂ ಬೆಳಿಗ್ಗೆ ಏಳರ 1900 ವ್ಯಾಟಿಗೆ ಈ 485 ಸಾಲದೆ ಮನೆ ಕತ್ತಲು! ಈಗ ಪರಿಹಾರವನ್ನು ಮಕ್ಕಳೇ ಹುಡುಕಲಿ. ಬಹುಪಾಲು ಮಂದಿ ಬ್ಯಾಟರಿ ಎನ್ನುತ್ತಾರೆ. 12 ವೋಲ್ಟಿನ 150 ಆಂಪಿಯರ್-ಅವರ್ ಸೀಸದ ಬ್ಯಾಟರಿಯಲ್ಲಿ 1.8 ಯೂನಿಟ್ ಇರುತ್ತದೆ, ಬಾಳಿಕೆ ಬರಬೇಕಾದರೆ ಅರ್ಧ ಮಾತ್ರ ಬಳಸಬೇಕು. ಯಾರಾದರೊಬ್ಬರು "ತೋಡು ಮನೆಗಿಂತ ಮೇಲಿದೆಯಲ್ಲ, ಟ್ಯಾಂಕಿಗೆ ಪಂಪೇ ಏಕೆ?" ಎಂದು ಕೇಳಿದರೆ ಅವರಿಗೆ ಪೂರ್ತಿ ಅಂಕ ಕೊಡಿ. ಸಣ್ಣ ಪೈಪೊಂದು ಎಳೆದರೆ 1 ಕಿಲೋವ್ಯಾಟಿನ ಹೊರೆಯೇ ಇಲ್ಲವಾಯಿತು. ಉಳಿದ ಮಿಕ್ಸಿಗೆ ಚಿಕ್ಕ ಬ್ಯಾಟರಿ, ಇನ್ವರ್ಟರು ಸಾಕು.

ರಾತ್ರಿ ಎಲ್ಲರೂ ಮಲಗಿದ ಮೇಲೆ ಹೊರೆ ಇಲ್ಲದ ಟರ್ಬೈನು ವೇಗ ಮೀರಿ ಓಡುತ್ತದೆ, ವೋಲ್ಟೇಜ್ ಏರಿ ಬಲ್ಬು ಸುಡುತ್ತದೆ. ಅದಕ್ಕೇ ಲೋಡ್ ಕಂಟ್ರೋಲರ್ ಎಂಬ ಪೆಟ್ಟಿಗೆ. ಮನೆ ಬಿಟ್ಟ ವ್ಯಾಟನ್ನು ಅದು ಹೀಟರಿಗೆ ತಿರುಗಿಸುತ್ತದೆ. ಆ ಹೀಟರನ್ನು ಬಚ್ಚಲಿನ ನೀರಿಗೆ ಇಳಿಸಿ. 5 ಯೂನಿಟ್ಟಿಗೆ 100 ಲೀಟರ್ ನೀರು 40 ಡಿಗ್ರಿಯಷ್ಟು ಬಿಸಿಯೇರುತ್ತದೆ, ಸೌದೆಯೂ ಉಳಿಯುತ್ತದೆ.

ತಂತಿಯ ಲೆಕ್ಕ ಚಿಕ್ಕದು. ಟರ್ಬೈನಿನಿಂದ ಮನೆಗೆ 100 ಮೀಟರ್ ದೂರ, 4 ಚದರ ಮಿ.ಮೀ. ತಾಮ್ರ. ಈ 485 ವ್ಯಾಟನ್ನು 48 ವೋಲ್ಟಿನಲ್ಲಿ ಕಳಿಸಿದರೆ ಸುಮಾರು 90 ವ್ಯಾಟ್ ದಾರಿಯಲ್ಲೇ ಶಾಖವಾಗಿ ಹೋಗುತ್ತದೆ. 230 ವೋಲ್ಟಾದರೆ ನಷ್ಟ 4 ವ್ಯಾಟ್. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 140 ಕಿ.ಮೀ.ಗೂ ಮಿಕ್ಕಿ ದೂರ ವಿದ್ಯುತ್ ಒಯ್ಯುವಾಗ ಹೆಚ್ಚು ವೋಲ್ಟೇಜ್ ಇಟ್ಟಿದ್ದೂ ಇದಕ್ಕೇ. ಅಲ್ಲಿ ಯಂತ್ರ ತಿರುಗಿಸಿದ ಕಾವೇರಿ ಹುಟ್ಟುವುದು ನಿಮ್ಮ ಜಿಲ್ಲೆಯಲ್ಲೇ ಎಂದು ಹೇಳಿದರೆ ಹಿಂದಿನ ಬೆಂಚೂ ತಲೆ ಎತ್ತೀತು.

ಕೊಡಗಿನ ನಿಜವಾದ ಕಗ್ಗಂಟು ಮಾತ್ರ ಋತುವಿನದು. ಕಕ್ಕಡದಲ್ಲಿ (ಜುಲೈ-ಆಗಸ್ಟಿನ ಕೊಡವ ತಿಂಗಳು) ತೋಡು ಉಕ್ಕುತ್ತದೆ, ಫೆಬ್ರವರಿಗೆ ಸೊರಗುತ್ತದೆ. ಹೂ ಅರಳಿಸುವ ಹೂಮಳೆ ತಡವಾದರೆ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಚ್ಚಬೇಕಾದ ಕಾಲವೂ ಅದೇ. ಒಂದು ಎಕರೆಗೆ ಒಂದು ಇಂಚು ನೀರೆಂದರೆ 1 ಲಕ್ಷ ಲೀಟರಿಗೂ ಹೆಚ್ಚು. 40 ಮೀಟರ್ ಏರು, ಸ್ಪ್ರಿಂಕ್ಲರಿನ ಒತ್ತಡಕ್ಕೆ ಇನ್ನೊಂದು 30 ಮೀಟರ್, ಪಂಪು-ಮೋಟಾರಿನ ದಕ್ಷತೆ ಶೇ 55. ಎಕರೆಗೆ 36 ಯೂನಿಟ್ ಬೇಕಾಗುತ್ತದೆ. ತೋಡಿನ ಟರ್ಬೈನು ಈ ಕೆಲಸಕ್ಕೆ ಬಾರದು. ಆದರೆ ಆಗ ಬಿಸಿಲು ಚೆನ್ನಾಗಿರುತ್ತದೆ, 1 ಕಿಲೋವ್ಯಾಟ್ ಸೋಲಾರ್ ದಿನಕ್ಕೆ 4 ಯೂನಿಟ್ಟಿನಷ್ಟು ಕೊಡುತ್ತದೆ. 5 ಕಿಲೋವ್ಯಾಟ್ ಇದ್ದರೆ ಎರಡು ದಿನಕ್ಕೆ ಒಂದು ಎಕರೆ. ಹೂವಿಗೆ ನೀರುಣಿಸುವ ಅವಧಿ ಗಿಡ್ಡ, ಆ ವೇಗ ಸಾಲದು ಎನಿಸಿದರೆ ಜನವರಿಯಿಂದಲೇ ಎತ್ತರದ ಕೆರೆಗೆ ನೀರೆತ್ತಿಡಬೇಕು. 40 ಮೀಟರ್ ಮೇಲಿನ 1 ಲಕ್ಷ ಲೀಟರ್ ನೀರೆಂದರೆ 11 ಯೂನಿಟ್ಟಿನ ದಾಸ್ತಾನು. ಮಳೆಗಾಲಕ್ಕೆ ತೋಡು, ಬೇಸಿಗೆಗೆ ಬಿಸಿಲು: ಹನ್ನೆರಡು ತಿಂಗಳ ಎರಡು ಗೆರೆಗಳನ್ನು ಒಂದೇ ಹಾಳೆಯಲ್ಲಿ ಬರೆಸಿ, ಬಳಕೆಯ ಗೆರೆಯನ್ನು ಅದರ ಮೇಲೆ ಎಳೆಸಿ. ಪ್ಯಾನೆಲನ್ನು ಕಾಫಿ ಒಣಗಿಸುವ ಕಣದ ಅಂಚಿಗೇ ಹಾಕುವುದು ಮೇಲು. ಸಿಲ್ವರ್ ಓಕಿನ ಒಂದು ಕೊಂಬೆಯ ನೆರಳು ಒಂದು ಪ್ಯಾನೆಲಿನ ಮೇಲೆ ಬಿದ್ದರೂ ಅದರ ಜೊತೆ ಸರಣಿಯಲ್ಲಿರುವ ಉಳಿದವುಗಳ ಉತ್ಪಾದನೆಯೂ ಇಳಿಯಬಹುದು.

ಕೆಡುವುದು ಹೆಚ್ಚಾಗಿ ನೀರು ಹಿಡಿಯುವ ಜಾಗದಲ್ಲಿ. ಎಲೆ ಕಟ್ಟಿ ಪೈಪಿಗೆ ಗಾಳಿ ಸೇರುತ್ತದೆ, ಮಳೆಯ ಕೆಸರು ಟರ್ಬೈನಿನ ಅಲಗು ತಿನ್ನುತ್ತದೆ. ಓರೆಯಾಗಿ ಕೂರಿಸಿದ ಜಾಲರಿ, ಅದರ ಹಿಂದೆ ಹೂಳು ತಂಗುವ ತೊಟ್ಟಿ ಇರಲೇಬೇಕು. ವಾಲ್ವನ್ನು ದಿಢೀರನೆ ಮುಚ್ಚಿದರೆ ನೀರಿನ ಹೊಡೆತಕ್ಕೆ ಪೈಪು ಒಡೆಯುತ್ತದೆ. ಇಳಿಜಾರಿನಲ್ಲಿ ಮಣ್ಣಿನ ಕಾಲುವೆ ತೋಡಿ ನೀರು ತರುವುದಂತೂ ಬೇಡ. ಸೋರಿದ ನೀರು ಗುಡ್ಡದ ಮಣ್ಣನ್ನು ಸಡಿಲಿಸುತ್ತದೆ, 2018ರ ಆಗಸ್ಟಿನ ಭೂಕುಸಿತ ಕಂಡ ಜಿಲ್ಲೆಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೋಡಿನ ನೀರೆಲ್ಲ ಹಿಡಿಯದೆ ಕೆಳಗಿನವರಿಗೂ ಬಿಡಬೇಕು.

ಸೆಸ್ಕ್ (ಈ ಭಾಗದ ವಿದ್ಯುತ್ ಸರಬರಾಜು ಕಂಪನಿ) ಲೈನಿನ ಮಾತು ಸುರಕ್ಷತೆಯದು. ಮರ ಬಿದ್ದು ಕರೆಂಟ್ ಹೋದಾಗ ಮನೆಯ ಟರ್ಬೈನು ಲೈನಿಗೆ ಹಿಂದಕ್ಕೆ ವಿದ್ಯುತ್ ಹರಿಸಿದರೆ, ತಂತಿ ಸತ್ತಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್ ಜೀವ ಹೋಗುತ್ತದೆ. ಎರಡೂ ಕಡೆ ಒಟ್ಟಿಗೆ ಸೇರದಂಥ ಚೇಂಜ್‌ಓವರ್ ಸ್ವಿಚ್ ಕಡ್ಡಾಯ. ಬ್ಯಾಟರಿ ಇಲ್ಲದ ಗ್ರಿಡ್ ಸೋಲಾರ್ ಹಾಕಿಸಿದವರು "ಬಿಸಿಲಿದ್ದರೂ ಕರೆಂಟಿಲ್ಲ" ಎಂದು ದೂರುವುದೂ ಇದರಿಂದಲೇ. ಲೈನು ಸತ್ತರೆ ಆ ಇನ್ವರ್ಟರು ತಾನೇ ನಿಲ್ಲುವಂತೆ ಮಾಡಿರುತ್ತಾರೆ.

ಪರೀಕ್ಷೆಗೆ ಒಂದು ಪ್ರಶ್ನೆ ಕೇಳಿದ್ದೀರಿ. ಇದನ್ನು ಕೊಡಿ: ಮನೆಯವರು ಆಗಲೇ 63 ಮಿ.ಮೀ. ಪೈಪು ತಂದುಬಿಟ್ಟಿದ್ದಾರೆ, ಬದಲಿಸಲು ದುಡ್ಡಿಲ್ಲ. 6 ಲೀಟರ್ ಪೂರ್ತಿ ಬಿಟ್ಟರೆ ಪೈಪಿನ ತುದಿಯಲ್ಲಿ ನೀರಿನ ಶಕ್ತಿ ಸುಮಾರು 480 ವ್ಯಾಟ್. ನಾಜಲ್ (ನೀರು ಚಿಮ್ಮುವ ತುದಿಯ ಬಾಯಿ) ಸಣ್ಣದು ಮಾಡಿ 4.7 ಲೀಟರಿಗೆ ಇಳಿಸಿದರೆ 550 ವ್ಯಾಟ್. ನೀರು ಕಡಿಮೆಯಾದರೂ ಶಕ್ತಿ ಹೆಚ್ಚಿದ್ದೇಕೆ, ಇನ್ನೂ ಇಳಿಸಿದರೆ ಏನಾಗುತ್ತದೆ? ಒಟ್ಟು ಎತ್ತರದ ಮೂರನೇ ಒಂದು ಭಾಗ ಘರ್ಷಣೆಗೆ ಹೋಗುವಲ್ಲಿ ಗರಿಷ್ಠ ಎಂದು ಗಣಿತದಿಂದ ತೋರಿಸಿದವರಿಗೆ ಹತ್ತು ಅಂಕ.